ಸ್ಪೇಸ್ ಯುದ್ಧದ ಕಥೆ ಇಷ್ಟ ಅಂದ್ರೆ ಯುದ್ಧಾನೇ ಇಷ್ಟ ಅಂತಾನಾ?

ಓದುಗರ ಪ್ರಶ್ನೆ: ಸೈನ್ಸ್ ಫಿಕ್ಷನ್‌ನಲ್ಲಿ ನಂಗೆ ತುಂಬಾ ಇಷ್ಟ ಆಗೋದು ಮಿಲಿಟರಿ ಕಥೆಗಳು, ಪವರ್ ಸೂಟ್ (ಮೈ ಬಲ ಹೆಚ್ಚಿಸೋ ಯಂತ್ರದ ಕವಚ) ಹಾಕ್ಕೊಂಡು ಬೇರೆ ಗ್ರಹದ ಮೇಲೆ ಇಳಿದು ಹೋರಾಡೋ ಥರದ್ದು. ನನ್ನ ಫ್ರೆಂಡ್ ಒಬ್ಬ ಇದೆಲ್ಲ ಶುದ್ಧ ಮಿಲಿಟರಿಸಂ, ಓದಿ ಓದಿ ನಿನ್ನ ತಲೆ ಹಾಳಾಗ್ತಿದೆ ಅಂತಾನೆ. ನಮ್ಮಣ್ಣ ಸೈನ್ಯದಲ್ಲಿದ್ದಾನೆ. ಈ ಕಥೆಗಳನ್ನ ಯಾರಾದ್ರೂ ಬೈದ್ರೆ ಅವನನ್ನೇ ಬೈದಂಗೆ ಅನ್ಸತ್ತೆ. ಯಾರು ಸರಿ?

ಉತ್ತರ: ನಿಮ್ಮ ಪ್ರಶ್ನೇಲಿ ಎರಡು ವಿಷಯ ಗಂಟು ಬಿದ್ದಿದೆ, ಮೊದಲು ಅದನ್ನ ಬಿಡಿಸೋಣ. ಒಂದು ಮಿಲಿಟರಿಸಂ, ಇನ್ನೊಂದು ಸೈನಿಕರ ಬಗ್ಗೆ ಇರೋ ಗೌರವ. ಇವೆರಡೂ ಒಂದೇ ಅಂತ ನಿಮ್ಮ ಫ್ರೆಂಡೂ ಅಂದ್ಕೊಂಡಿದ್ದಾರೆ, ನೀವೂ ಅಂದ್ಕೊಂಡಿದ್ದೀರ, ಅದಕ್ಕೇ ನಿಮ್ಮಿಬ್ಬರ ವಾದ ಮುಗೀತಾನೇ ಇಲ್ಲ. ಆಲ್ಫ್ರೆಡ್ ವಾಗ್ಟ್ಸ್ ಅಂತ ಒಬ್ಬ ಇತಿಹಾಸಕಾರ ಇದ್ರು, ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದಲ್ಲಿ ಇದ್ದವರು, ಆಮೇಲೆ ಅಮೆರಿಕಕ್ಕೆ ಹೋಗಿ ನೆಲೆಸಿದ್ರು. ಮಿಲಿಟರಿಸಂ ಚರಿತ್ರೆ ಬಗ್ಗೆ 1937ರಲ್ಲಿ ಅವರದ್ದೊಂದು ದಪ್ಪ ಪುಸ್ತಕ ಬಂತು, ಅದರಲ್ಲಿ ಅವರು ಹಾಕಿದ ಗೆರೆ ನಂಗೆ ಇವತ್ತಿಗೂ ಉಪಯೋಗಕ್ಕೆ ಬರತ್ತೆ. ಒಂದು ನಿರ್ದಿಷ್ಟ ಕೆಲಸ ಇದೆ, ಅದಕ್ಕೆ ಬೇಕಾದಷ್ಟು ಜನ ಬೇಕಾದಷ್ಟು ಸಾಮಾನು ಸೇರಿಸಿ, ಆದಷ್ಟು ಕಮ್ಮಿ ರಕ್ತದಲ್ಲಿ ಆ ಕೆಲಸ ಮುಗಿಸೋದು ಸೈನಿಕ ರೀತಿ. ಆ ಕೆಲಸಕ್ಕೂ ಮೀರಿ ಸಮವಸ್ತ್ರ, ಪದಕ, ಪ್ರತಿಷ್ಠೆ, ಶಿಸ್ತು ಇವೇ ಇಡೀ ಸಮಾಜಕ್ಕೆ ಆದರ್ಶ ಅಂತ ಹೊರಟ್ರೆ ಅದು ಮಿಲಿಟರಿಸಂ. ಇದಕ್ಕಿಂತ ಮುಖ್ಯವಾಗಿ ಅವರು ಹೇಳಿದ್ದು ಏನಂದ್ರೆ ಮಿಲಿಟರಿಸಂ ಬರೀ ಸೈನಿಕರ ಕಾಯಿಲೆ ಅಲ್ಲ, ಸಿವಿಲಿಯನ್ ಮಿಲಿಟರಿಸಂ ಅಂತಾನೂ ಒಂದಿದೆ. ಬಂದೂಕು ಮುಟ್ಟದೇ ಇರೋರು, ಯುದ್ಧದಿಂದ ದೂರ ಇರೋರು ಎಷ್ಟೋ ಸಲ ಸೈನಿಕನಿಗಿಂತ ಜೋರಾಗಿ ಯುದ್ಧ ಬೇಕು ಅಂತಾರೆ. ದೂರದ ಬೆಟ್ಟ ನುಣ್ಣಗೆ ಅಂತೀವಲ್ಲ, ಹಂಗೆ.

ಸೈನ್ಸ್ ಫಿಕ್ಷನ್‌ಗೂ ಈ ದೂರಕ್ಕೂ ಬಹಳ ಹಳೇ ನಂಟು. 1871ರ ಮೇನಲ್ಲಿ ಬ್ರಿಟನ್ನಿನ ಒಂದು ಮಾಸಪತ್ರಿಕೇಲಿ ಲೇಖಕರ ಹೆಸರೇ ಇಲ್ಲದೆ ಒಂದು ಕಥೆ ಬಂತು, 'ದಿ ಬ್ಯಾಟಲ್ ಆಫ್ ಡಾರ್ಕಿಂಗ್' ಅಂತ. ಬರೆದಿದ್ದು ಜಾರ್ಜ್ ಚೆಸ್ನಿ ಅನ್ನೋ ಸೇನಾ ಇಂಜಿನಿಯರಿಂಗ್ ಅಧಿಕಾರಿ. ಆಗಷ್ಟೇ ಪ್ರಷ್ಯಾ ಅನ್ನೋ ಅಂದಿನ ಜರ್ಮನ್ ರಾಜ್ಯ ಫ್ರಾನ್ಸನ್ನ ಸೋಲಿಸಿತ್ತು, ನಾಳೆ ನಮ್ಮ ಮೇಲೂ ಬಂದ್ರೆ ಅಂತ ಓದುಗರಿಗೆ ಭಯ ಹುಟ್ಟಿಸಿ ಸೈನ್ಯ ಸುಧಾರಣೆ ಮಾಡಿಸೋದು ಅವರ ಉದ್ದೇಶ. ಸೋತ ದೇಶದ ಮುದುಕನೊಬ್ಬ ಐವತ್ತು ವರ್ಷ ಆದ್ಮೇಲೆ ಮೊಮ್ಮಕ್ಕಳಿಗೆ ಹೇಳೋ ಕಥೆ ಅದು, ಊಟ ಇಲ್ಲ, ಸರಿಯಾದ ಆರ್ಡರ್ ಇಲ್ಲ, ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ಲದೆ ಅಲೆದಾಡೋ ವಾಲಂಟಿಯರ್‌ಗಳು. ಜನ ಎಷ್ಟು ಹೆದರಿದ್ರು ಅಂದ್ರೆ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅವರೇ ಭಾಷಣದಲ್ಲಿ ಈ ಥರ ಗಾಬರಿ ಹಬ್ಬಿಸೋದು ಒಳ್ಳೇದಲ್ಲ ಅಂತ ಎಚ್ಚರಿಸಬೇಕಾಯ್ತು. ಅಲ್ಲಿಂದ 1914ರವರೆಗೂ ನಾಳೆಯ ಯುದ್ಧದ ಕಥೆಗಳು ಸಾಲುಸಾಲಾಗಿ ಬಂದ್ವು. ನಾಳೆ ಯುದ್ಧ ಹಿಂಗಿರತ್ತೆ ಅಂತ ಊಹಿಸೋದ್ರಿಂದಲೇ ಈ ಪ್ರಕಾರ ದೊಡ್ಡದಾಗಿದ್ದು, ಅದಕ್ಕೇ ನಿಮ್ಮ ಫ್ರೆಂಡ್ ಹೇಳೋದು ಪೂರ್ತಿ ಸುಳ್ಳೂ ಅಲ್ಲ.

ಈಗ ಪವರ್ ಸೂಟಿಗೆ ಬರೋಣ. ಅದನ್ನ ಜನಪ್ರಿಯ ಮಾಡಿದ್ದು ರಾಬರ್ಟ್ ಹೈನ್‌ಲೈನ್ 1959ರಲ್ಲಿ ಬರೆದ 'ಸ್ಟಾರ್‌ಶಿಪ್ ಟ್ರೂಪರ್ಸ್'. ಈ ಪುಸ್ತಕದ ಬಗ್ಗೆ ಜಗಳ ಶುರುವಾಗಿ ಅರವತ್ತು ವರ್ಷದ ಮೇಲಾಯ್ತು, ಇನ್ನೂ ನಿಂತಿಲ್ಲ. ಹೈನ್‌ಲೈನ್ ಅಮೆರಿಕದ ನೌಕಾ ಅಕಾಡೆಮಿಯಿಂದ 1929ರಲ್ಲಿ ಪಾಸಾಗಿ ನೌಕಾಪಡೇಲಿ ಆಫೀಸರ್ ಆದವರು, ಕ್ಷಯರೋಗ ಬಂದು 1934ರಲ್ಲಿ ಹೊರಗೆ ಬರಬೇಕಾಯ್ತು, ಯುದ್ಧ ಅಂತ ಕಣ್ಣಾರೆ ನೋಡಲೇ ಇಲ್ಲ. ಇದನ್ನ ಅವರ ಮೇಲೆ ಆರೋಪ ಹೊರಿಸೋಕೆ ಹೇಳ್ತಿಲ್ಲ, ಆ ಪುಸ್ತಕದಲ್ಲಿ ಒಂದು ಹಂಬಲ ಇದೆ, ಬಿಟ್ಟುಬಂದ ಮನೆ ಬಗ್ಗೆ ಇರೋ ಥರದ್ದು, ಅದು ಎಲ್ಲಿಂದ ಬಂತು ಅಂತ ಗೊತ್ತಾಗ್ಲಿ ಅಂತ ಹೇಳ್ದೆ.

ಆ ಪುಸ್ತಕ ಓದದೇ ಬೈಯೋರು ಜಾಸ್ತಿ, ಹಂಗಾಗಿ ಒಂದು ದೃಶ್ಯ ವಿವರವಾಗಿ ಹೇಳ್ತೀನಿ. ಹುಡುಗ ಜಾನಿ ರಿಕೊ ಸೈನ್ಯಕ್ಕೆ ಸೇರೋಕೆ ಆಫೀಸಿಗೆ ಹೋಗ್ತಾನೆ. ಡೆಸ್ಕ್ ಹಿಂದೆ ಒಬ್ಬ ಸಾರ್ಜೆಂಟ್, ಎದೆ ತುಂಬಾ ರಿಬ್ಬನ್ನುಗಳು, ಆದ್ರೆ ಬಲಗೈ ಬುಡದಿಂದಲೇ ಇಲ್ಲ, ಎಷ್ಟು ಇಲ್ಲ ಅಂದ್ರೆ ಅಂಗಿಗೆ ಆ ಕಡೆ ತೋಳೇ ಹೊಲಿಸಿಲ್ಲ. ಹತ್ರ ಹೋದ್ರೆ ಎರಡು ಕಾಲೂ ಇಲ್ಲ. ಬಂದ ಹುಡುಗರಿಗೆ ಇದು ಕಾಣ್ಲಿ ಅಂತಾನೇ ಅವನನ್ನ ಅಲ್ಲಿ ಕೂರಿಸಿದ್ದಾರೆ. ಆಮೇಲೆ ಆ ಸಾರ್ಜೆಂಟ್ ಡ್ಯೂಟಿ ಮುಗಿಸಿ ಹೋಗ್ವಾಗ ರಿಕೊ ಅವನನ್ನ ಹೊರಗೆ ನೋಡಿದ್ರೆ ಕೃತಕ ಕಾಲು ಕೃತಕ ಕೈ ಹಾಕ್ಕೊಂಡು ಆರಾಮಾಗಿ ನಡ್ಕೊಂಡು ಬರ್ತಿರ್ತಾನೆ. ಬೆಲೆ ಎಷ್ಟು ಅಂತ ನೋಡಿ ಯೋಚನೆ ಮಾಡಿ ಸಹಿ ಹಾಕ್ಲಿ, ನಂಗೆ ಮೋಸ ಆಯ್ತು ಅಂತ ಆಮೇಲೆ ಯಾರೂ ಹೇಳಬಾರದು ಅಂತ ಈ ಏರ್ಪಾಡು. ಇದು ಪ್ರಾಮಾಣಿಕ ಬರವಣಿಗೆ, ಸೈನಿಕನ ಮೇಲೆ ನಿಜವಾದ ಪ್ರೀತಿ ಇರೋ ಲೇಖಕ ಮಾತ್ರ ಇದನ್ನ ಬರೀತಾನೆ. ಆ ಸಮಾಜದಲ್ಲಿ ಸೇವೆ ಮುಗಿಸಿ ಬಂದವರಿಗೆ ಮಾತ್ರ ಓಟಿನ ಹಕ್ಕು, ಸೇವೇಲಿ ಇರೋವರೆಗೂ ಇಲ್ಲ, ಸೇರ್ತೀನಿ ಅಂತ ಬಂದವರನ್ನ ಯಾರನ್ನೂ ಬೇಡ ಅನ್ನೋ ಹಾಗಿಲ್ಲ, ಕಣ್ಣು ಕಾಣದವರಿಗೂ ಏನಾದ್ರೂ ಕೆಲಸ ಹುಡುಕಿ ಕೊಡ್ಲೇಬೇಕು. ಫ್ಯಾಸಿಸಂ ಅಂತ ಒಂದೇ ಪದದಲ್ಲಿ ಮುಗಿಸೋರು ಈ ವಿವರ ಎಲ್ಲ ಬಿಟ್ಟುಬಿಡ್ತಾರೆ.

ಆದ್ರೆ ಅದೇ ಪುಸ್ತಕದ ಮೊದಲ ಅಧ್ಯಾಯ ನೋಡಿ. ರಿಕೊ ಮತ್ತವನ ತುಕಡಿ ಒಂದು ಊರಿನ ಮೇಲೆ ಇಳಿಯತ್ತೆ, ಊರು ಗೆಲ್ಲೋಕಲ್ಲ, ಆ ಜನರನ್ನ ಹೆದರಿಸೋಕೆ. ಗೋಡೆ ಒಡೆದು ಒಂದು ಕಟ್ಟಡಕ್ಕೆ ನುಗ್ಗಿದ್ರೆ ಒಳಗೆ ಜನ ತುಂಬಿದ್ದಾರೆ. ಅವನು ಒಂದು ಬಾಂಬ್ ಎಸೆದು ಹೊರಟುಬಿಡ್ತಾನೆ, ಆ ಬಾಂಬ್ ಅವರದ್ದೇ ಭಾಷೇಲಿ ನಾನು ಮೂವತ್ತು ಸೆಕೆಂಡಿನ ಬಾಂಬ್ ಅಂತ ಕೂಗ್ತಾ ಇಪ್ಪತ್ತೊಂಬತ್ತು, ಇಪ್ಪತ್ತೆಂಟು ಅಂತ ಎಣಿಸತ್ತೆ. ಎಣಿಕೆ ಮುಗಿದಾಗ ಆ ಕೋಣೇಲಿ ಏನಾಯ್ತು ಅಂತ ಕಥೆ ತಿರುಗಿ ನೋಡಲ್ಲ. ಆ ಅಧ್ಯಾಯದ ಕೊನೇಲಿ ಗಾಯಗೊಂಡ ಫ್ಲೋರೆಸ್ ಅನ್ನೋ ಜೊತೆಗಾರನ್ನ ಜೀವ ಪಣಕ್ಕಿಟ್ಟು ಎತ್ಕೊಂಡು ಬರ್ತಾರೆ, ಅವನು ಮೇಲೆ ಹೋಗೋ ದಾರೀಲಿ ಸತ್ತುಹೋಗ್ತಾನೆ, ಒಂದೇ ಸಾಲು. ನಾನು ಈ ಪುಸ್ತಕ ಕ್ಲಾಸಲ್ಲಿ ಓದಿಸಿದಾಗೆಲ್ಲ ವಾರ ಬಿಟ್ಟು ಕೇಳ್ತೀನಿ, ಮೊದಲ ಅಧ್ಯಾಯದಲ್ಲಿ ಏನೇನು ನೆನಪಿದೆ ಅಂತ. ಸೂಟ್ ಹೆಂಗೆ ಕೆಲಸ ಮಾಡತ್ತೆ, ಎಷ್ಟು ಎತ್ತರ ಜಿಗೀತಾರೆ, ಆ ಮಾತಾಡೋ ಬಾಂಬ್, ಎಲ್ಲ ಹೇಳ್ತಾರೆ. ಫ್ಲೋರೆಸ್ ಹೆಸರು ಒಬ್ಬರೋ ಇಬ್ಬರೋ ಹೇಳಿದ್ರೆ ಹೆಚ್ಚು. ಕೋಣೆಯೊಳಗೆ ಇದ್ದವರ ಬಗ್ಗೆ ತಾವಾಗೇ ಮಾತೆತ್ತಿದವರನ್ನ ನಾನು ಇನ್ನೂ ನೋಡಿಲ್ಲ.

ನನ್ನ ಪ್ರಕಾರ ಮಿಲಿಟರಿಸಂ ಇರೋದು ಇಲ್ಲಿ. ಸೂಟಲ್ಲೂ ಇಲ್ಲ, ಡ್ರಿಲ್‌ನಲ್ಲೂ ಇಲ್ಲ, ಧೈರ್ಯದಲ್ಲಂತೂ ಇಲ್ವೇ ಇಲ್ಲ. ಕಥೆ ಎಲ್ಲಿ ಕಣ್ಣು ಬೇರೆ ಕಡೆ ತಿರುಗಿಸತ್ತೆ ಅನ್ನೋದ್ರಲ್ಲಿ ಇದೆ. ಎದುರಾಳಿಗೆ ಮುಖ ಇಲ್ಲದಂಗೆ ಮಾಡಿದ್ರೆ, ಆಮೇಲೆ ಬರೋ ಜೇಡದಂಥ ಬಗ್‌ಗಳ ಥರ ಮಾತುಕತೆಯೇ ಸಾಧ್ಯ ಇಲ್ಲದ ಜೀವಿ ಮಾಡಿದ್ರೆ, ಯುದ್ಧ ಯಾಕೆ ಅನ್ನೋ ಪ್ರಶ್ನೇನೇ ಬರಲ್ಲ, ಪ್ರಶ್ನೆ ಬರದಿದ್ರೆ ಸೈನಿಕನನ್ನ ಎಲ್ಲಿಗೆ ಬೇಕಾದ್ರೂ ಎಷ್ಟು ಸಲ ಬೇಕಾದ್ರೂ ಕಳಿಸಬಹುದು. ಎದುರಿನವನ ಮುಖ ಅಳಿಸೋ ಕೈಯೇ ನಮ್ಮ ಸೈನಿಕನ ಮುಖಾನೂ ಅಳಿಸತ್ತೆ. ಇನ್ನೊಂದು, ಆ ಪುಸ್ತಕದಲ್ಲಿ ಡುಬಾಯ್ ಅಂತ ಒಬ್ಬ ಮೇಷ್ಟ್ರು ಇದ್ದಾರೆ, ನಿವೃತ್ತ ಅಧಿಕಾರಿ, ಕ್ಲಾಸಲ್ಲಿ ಬಲಪ್ರಯೋಗದ ಪರ ವಾದ ಮಾಡ್ತಾರೆ, ಅವರಿಗೆ ಸರಿಸಮ ಉತ್ತರ ಕೊಡೋ ಒಂದು ಪಾತ್ರಾನೂ ಇಡೀ ಕಾದಂಬರೀಲಿ ಇಲ್ಲ. ಈ ವ್ಯವಸ್ಥೆ ಹುಟ್ಟಿದ್ದು ಹೆಂಗೆ ಅಂತ ಹೇಳೋ ಭಾಗ ಇನ್ನೂ ಸ್ಪಷ್ಟ, ಯುದ್ಧ ಮುಗಿದು ಸರ್ಕಾರಗಳು ಕುಸಿದಾಗ ವಾಪಸ್ ಬಂದ ಒಂದಷ್ಟು ಮಾಜಿ ಸೈನಿಕರು ಸೇರಿ ದೊಂಬಿ ನಿಲ್ಲಿಸ್ತಾರೆ, ಕೆಲವರನ್ನ ನೇಣಿಗೆ ಹಾಕ್ತಾರೆ, ನಮ್ಮವರನ್ನ ಬಿಟ್ಟು ಬೇರೆಯವರನ್ನ ನಂಬಲ್ಲ ಅಂತ ಕಮಿಟಿ ಮಾಡ್ಕೊತಾರೆ, ಅದೇ ಆಮೇಲೆ ಸಂವಿಧಾನ ಆಗತ್ತೆ. ಮಾಜಿ ಸೈನಿಕರ ಸಿಟ್ಟು ಕಲ್ಪನೆ ಅಲ್ಲ, ಅದಕ್ಕೆ ಚರಿತ್ರೇಲಿ ಕಾರಣ ಇದೆ, ಅದನ್ನ ಸ್ವಲ್ಪ ಕೆಳಗೆ ಹೇಳ್ತೀನಿ. ಆದ್ರೆ ಆ ಸಿಟ್ಟಿಗೆ ಉತ್ತರ ಅವರಿಗೇ ಎಲ್ಲ ಅಧಿಕಾರ ಕೊಡೋದು ಅಂದಾಗ ಸೈನಿಕ ಮನುಷ್ಯನಾಗಿ ಉಳಿಯಲ್ಲ, ಮೂರ್ತಿ ಆಗ್ತಾನೆ.

1968ರ ಜೂನ್‌ನಲ್ಲಿ ಅಮೆರಿಕದ 'ಗ್ಯಾಲಕ್ಸಿ' ಅನ್ನೋ ಸೈನ್ಸ್ ಫಿಕ್ಷನ್ ಪತ್ರಿಕೇಲಿ ಎದುರುಬದುರು ಪುಟದಲ್ಲಿ ಎರಡು ಜಾಹೀರಾತು ಬಂದ್ವು, ಲೇಖಕರೇ ದುಡ್ಡು ಕೊಟ್ಟು ಹಾಕಿಸಿದ್ದು. ಒಂದರಲ್ಲಿ ಅಮೆರಿಕ ವಿಯೆಟ್ನಾಂನಲ್ಲಿ ಉಳೀಬೇಕು ಅನ್ನೋರ ಹೆಸರು, ಹೈನ್‌ಲೈನ್, ಪೋಲ್ ಆಂಡರ್ಸನ್, ಲ್ಯಾರಿ ನಿವೆನ್. ಇನ್ನೊಂದರಲ್ಲಿ ಈ ಯುದ್ಧ ಬೇಡ ಅನ್ನೋರು, ಐಸಾಕ್ ಅಸಿಮೋವ್, ರೇ ಬ್ರಾಡ್ಬರಿ, ಉರ್ಸುಲಾ ಲೆ ಗ್ವಿನ್. ಒಂದೇ ಪತ್ರಿಕೆಗಳಿಗೆ ಬರೀತಾ ಇದ್ದೋರು, ಒಬ್ಬರಿಗೊಬ್ಬರು ಗೊತ್ತಿದ್ದೋರು, ಎರಡು ಪುಟ ಆಗಿ ನಿಂತುಬಿಟ್ಟಿದ್ರು. ಇವರೆಲ್ಲ ಸಹಿ ಹಾಕ್ತಿದ್ದ ಹೊತ್ತಲ್ಲಿ ಫಿಸಿಕ್ಸ್ ಮತ್ತು ಖಗೋಳಶಾಸ್ತ್ರ ಓದಿ ಆಗಷ್ಟೇ ಡಿಗ್ರಿ ಮುಗಿಸಿದ್ದ ಒಬ್ಬ ಹುಡುಗ ಕಡ್ಡಾಯ ಸೇವೆಗೆ ಕರೆ ಬಂದು ವಿಯೆಟ್ನಾಂನಲ್ಲಿದ್ದ, ಕಾಂಬ್ಯಾಟ್ ಇಂಜಿನಿಯರ್ ಆಗಿ. ಅಲ್ಲಿ ತೀವ್ರವಾಗಿ ಗಾಯ ಆಗಿ ಪರ್ಪಲ್ ಹಾರ್ಟ್ ಪದಕ ಬಂತು. ಅವನೇ ಜೋ ಹಾಲ್ಡ್‌ಮನ್, 1974ರಲ್ಲಿ 'ದಿ ಫಾರೆವರ್ ವಾರ್' ಬರೆದವರು.

ನೀವು ಈ ಪುಸ್ತಕ ಓದಿಲ್ಲ ಅಂದ್ರೆ ದಯವಿಟ್ಟು ಓದಿ. ಇಲ್ಲೂ ಪವರ್ ಸೂಟ್ ಇದೆ, ಇಲ್ಲೂ ಬೇರೆ ಗ್ರಹ ಇದೆ. ಆದ್ರೆ ಹಾಲ್ಡ್‌ಮನ್ ತಾವು ಓದಿದ ಫಿಸಿಕ್ಸನ್ನ ಸೈನಿಕನ ನೋವಿಗೆ ತಂದು ಜೋಡಿಸಿದ್ರು. ಬೆಳಕಿನ ವೇಗದ ಹತ್ತಿರ ಪ್ರಯಾಣ ಮಾಡೋರಿಗೆ ಕಾಲ ನಿಧಾನ ಆಗತ್ತೆ, ಹಂಗಾಗಿ ನಾಯಕ ಮಂಡೆಲಾಗೆ ಕೆಲವೇ ವರ್ಷ ಕಳೆದಿರತ್ತೆ, ಭೂಮಿ ಮೇಲೆ ಕಾಲು ಶತಮಾನ ದಾಟಿರತ್ತೆ. ಯುದ್ಧದಿಂದ ಬಂದವನಿಗೆ ಊರು ಬೇರೇನೇ ಅನ್ಸತ್ತೆ ಅಂತ ನಾವು ಬಾಯಿ ಮಾತಿಗೆ ಹೇಳ್ತೀವಿ, ಇಲ್ಲಿ ಊರು ನಿಜವಾಗ್ಲೂ ಬೇರೆ ಆಗಿದೆ. ಖಾತೇಲಿ ಅಷ್ಟೂ ವರ್ಷದ ಸಂಬಳ ಸೇರ್ಕೊಂಡು ಕೈತುಂಬಾ ದುಡ್ಡಿದೆ. ಆದ್ರೆ ವಯಸ್ಸಾದ ತಾಯಿಗೆ ಕಾಯಿಲೆ ಬಂದಾಗ ನಿಮಗೆ ಆದ್ಯತೆ ಇಲ್ಲ ಅಂತ ಸರ್ಕಾರಿ ವ್ಯವಸ್ಥೆ ಚಿಕಿತ್ಸೆ ಕೊಡಲ್ಲ, ಈ ಯುದ್ಧವೀರ ಏನೂ ಮಾಡಕ್ಕಾಗದೆ ನಿಂತಿರ್ತಾನೆ. ಬೀದೀಲಿ ಓಡಾಡೋಕೆ ಬಾಡಿಗಾರ್ಡ್ ಬೇಕು, ಕೆಲಸ ಇಲ್ಲ, ಯಾರ ಜೊತೆ ಏನು ಮಾತಾಡ್ಬೇಕು ಅಂತ ಗೊತ್ತಾಗಲ್ಲ. ಕೊನೆಗೆ ಅವನೂ ಅವನ ಪ್ರೀತಿಯ ಮೇರಿಗೇನೂ ವಾಪಸ್ ಸೈನ್ಯಕ್ಕೇ ಸೇರ್ತಾರೆ, ತರಬೇತಿ ಕೊಡೋ ಕೆಲಸ ಕೊಡ್ತೀವಿ ಅಂತ ಮಾತು ಕೊಟ್ಟಿರ್ತಾರೆ, ಸೇರಿದ ತಕ್ಷಣ ಆ ಮಾತು ಮುರಿದು ಮತ್ತೆ ಯುದ್ಧಕ್ಕೆ ಹಾಕ್ತಾರೆ. 1143 ವರ್ಷ ನಡೆದ ಆ ಯುದ್ಧ ಶುರುವಾಗಿದ್ದೇ ಸುಳ್ಳು ಕಾರಣಕ್ಕೆ, ಮುಂದುವರೆದಿದ್ದು ಎರಡು ಕಡೆಯವರಿಗೂ ಮಾತಾಡೋಕೆ ಭಾಷೆ ಇಲ್ಲದ್ದಕ್ಕೆ ಅಂತ ಕೊನೇಲಿ ಗೊತ್ತಾಗತ್ತೆ.

ಈ ಪುಸ್ತಕ ಅಚ್ಚಾದ ಕಥೇನೂ ಕೇಳಿ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬಹುಪಾಲು ಅದರಲ್ಲೇ ಇದೆ. ಹದಿನೆಂಟು ಪ್ರಕಾಶಕರು ಬೇಡ ಅಂದ್ರು, ವಿಯೆಟ್ನಾಂ ನೆನಪು ಯಾರಿಗೆ ಬೇಕು ಅಂತ. ಅದೇ ಹೊತ್ತಲ್ಲಿ 'ಅನಲಾಗ್' ಪತ್ರಿಕೆ ಸಂಪಾದಕ ಬೆನ್ ಬೋವಾ ಕಾದಂಬರೀನ ಭಾಗ ಭಾಗವಾಗಿ ಹಾಕೋಕೆ ಒಪ್ಪಿಕೊಂಡ್ರು, ಒಂದು ಭಾಗ ಬಿಟ್ಟು. ಅದು ಯಾವ ಭಾಗ ಅಂತೀರಾ? ಯುದ್ಧದ ದೃಶ್ಯ ಅಲ್ಲ, ಸಾವಿನ ವಿವರ ಅಲ್ಲ, ಈಗ ಹೇಳಿದ್ನಲ್ಲ, ಮನೆಗೆ ಬರೋ ಭಾಗ. ಅದು ತೀರಾ ನಿರಾಶೆ ಹುಟ್ಟಿಸತ್ತೆ ಅಂತ ಅನ್ಸಿತ್ತು. ಹಾಲ್ಡ್‌ಮನ್ ಅದರ ಬದಲು ಹಗುರವಾದ ಇನ್ನೊಂದು ಭಾಗ ಬರೆದು ಕೊಟ್ರು, ಎಷ್ಟೋ ವರ್ಷ ಪುಸ್ತಕಾನೂ ಹಂಗೇ ಅಚ್ಚಾಗ್ತಾ ಹೋಯ್ತು. ಬೋವಾ ಕೆಟ್ಟ ಸಂಪಾದಕ ಅಂತ ನಾನು ಹೇಳ್ತಿಲ್ಲ, ಅಷ್ಟು ಜನ ಬೇಡ ಅಂದ ಪುಸ್ತಕಾನ ಕೈಹಿಡಿದವರು ಅವರು. ಆದ್ರೆ ಯೋಚನೆ ಮಾಡಿ, ಸೈನಿಕನ ಜೊತೆ ಯುದ್ಧಕ್ಕೆ ಹೋಗೋಕೆ ಓದುಗರು ಸಿದ್ಧ ಇದ್ದಾರೆ, ಅವನ ಜೊತೆ ವಾಪಸ್ ಮನೆಗೆ ಬರೋಕೆ ಸಿದ್ಧ ಇಲ್ಲ ಅಂತ ಪತ್ರಿಕಾರಂಗದಲ್ಲಿ ಪಳಗಿದವರಿಗೆ ಅನ್ಸಿದೆ. ಸೈನಿಕರ ಮನಸ್ಸಿಗೆ ಆಗೋ ಈ ಗಾಯಕ್ಕೆ ಪಿಟಿಎಸ್‌ಡಿ ಅನ್ನೋ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡೀಲಿ ಸೇರಿದ್ದು 1980ರಲ್ಲಿ, ಅಂದ್ರೆ ಹಾಲ್ಡ್‌ಮನ್ ಬರೆದು ಎಷ್ಟೋ ವರ್ಷ ಆದ್ಮೇಲೆ.

ಇನ್ನು ಸಮಾಜದ ವಿಷಯ. ಮೊದಲನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಸೈನಿಕರಿಗೆ ಬ್ಯಾಂಡ್ ಬಾರಿಸಿ ಮೆರವಣಿಗೆ ಮಾಡಿದ್ರು. 1924ರಲ್ಲಿ ಅವರಿಗೊಂದು ಬೋನಸ್ ಅಂತ ಕಾನೂನು ಮಾಡಿದ್ರು, ಆದ್ರೆ ದುಡ್ಡು ಕೈಗೆ ಸಿಗೋದು 1945ರಲ್ಲಿ. ಮಧ್ಯದಲ್ಲಿ ಮಹಾ ಆರ್ಥಿಕ ಕುಸಿತ ಬಂತು, ಕೆಲಸ ಹೋಯ್ತು, ಮನೆ ಹೋಯ್ತು, 1932ರಲ್ಲಿ ಸಾವಿರಾರು ಮಾಜಿ ಸೈನಿಕರು ಹೆಂಡತಿ ಮಕ್ಕಳ ಸಮೇತ ವಾಷಿಂಗ್ಟನ್‌ಗೆ ಬಂದು ಗುಡಿಸಲು ಹಾಕ್ಕೊಂಡು ಆ ದುಡ್ಡು ಈಗಲೇ ಕೊಡಿ ಅಂತ ಕೂತ್ರು. ಜುಲೈ 28ಕ್ಕೆ ಜನರಲ್ ಮೆಕಾರ್ಥರ್ ನೇತೃತ್ವದಲ್ಲಿ ಸೈನ್ಯವೇ ಬಂತು, ಕುದುರೆ, ಟ್ಯಾಂಕ್, ಅಶ್ರುವಾಯು, ಗುಡಿಸಲುಗಳು ಸುಟ್ಟುಹೋದ್ವು. ಹೂವಿನ ಹಾರ ಹಾಕಿಸ್ಕೊಂಡ ಅದೇ ಗಂಡಸರು. ಬೋನಸ್ ಕೊನೆಗೆ 1936ರಲ್ಲಿ ಸಿಕ್ತು, ಮುಂದಿನ ಯುದ್ಧದ ಸೈನಿಕರಿಗೆ 1944ರಲ್ಲಿ ಜಿಐ ಬಿಲ್ ಅಂತ ಓದಿಗೆ, ಮನೆ ಸಾಲಕ್ಕೆ, ನಿರುದ್ಯೋಗಕ್ಕೆ ಸಹಾಯ ಮಾಡೋ ಕಾನೂನು ಬಂತು. ಈ ಕಾನೂನು ಬಂದಿದ್ದರ ಹಿಂದೆ 1932ರ ಭಯಾನೂ ಇತ್ತು, ಬರೀ ಕೃತಜ್ಞತೆ ಇರಲಿಲ್ಲ.

ಇದನ್ನ ಯಾಕೆ ಹೇಳ್ದೆ ಅಂದ್ರೆ ಸೈನಿಕನನ್ನ ಪೂಜೆ ಮಾಡೋದು ಮತ್ತು ಅವನನ್ನ ಕಡೆಗಣಿಸೋದು ವಿರುದ್ಧ ಅಂತ ನಾವು ಅಂದ್ಕೊತೀವಿ, ನಂಗೆ ಅವೆರಡೂ ಒಂದೇ ಮನೆಯ ಎರಡು ಬಾಗಿಲು ಥರ ಕಾಣತ್ತೆ. ಎರಡರಲ್ಲೂ ಅವನ ಜೊತೆ ಕೂತು ಮಾತಾಡೋ ಅವಶ್ಯಕತೆ ಇಲ್ಲ. ವೀರ ಅಂತ ಮೇಲೆ ಕೂರಿಸಿದ್ರೆ ಅವನ ನಿದ್ದೆ ಹೆಂಗಿದೆ ಅಂತ ಕೇಳಬೇಕಿಲ್ಲ, ಕೊಲೆಗಾರ ಅಂತ ದೂರ ಇಟ್ರೆ ಅವನನ್ನ ಕಳಿಸಿದ್ದು ನಾವೇ ಓಟು ಹಾಕಿದ ಸರ್ಕಾರ ಅಂತ ನೆನಪು ಮಾಡ್ಕೊಬೇಕಿಲ್ಲ. 1973ರಲ್ಲಿ ಅಮೆರಿಕ ಕಡ್ಡಾಯ ಸೇರ್ಪಡೆ ನಿಲ್ಲಿಸ್ತು, ಈಗ ಅಲ್ಲಿ ಸಕ್ರಿಯ ಸೇವೇಲಿ ಇರೋರು ಜನಸಂಖ್ಯೆಯ ಶೇಕಡಾ 1ಕ್ಕಿಂತ ಕಮ್ಮಿ. ಕಡ್ಡಾಯ ಸೇರ್ಪಡೆ ವಾಪಸ್ ಬರ್ಲಿ ಅಂತ ನಾನು ಖಂಡಿತ ಹೇಳಲ್ಲ, ಅದು ಹೋಗಿದ್ದು ಒಳ್ಳೇದೇ. ಆದ್ರೆ ಬಹಳ ಜನಕ್ಕೆ ಸೈನಿಕ ಅಂದ್ರೆ ಯಾರು ಅಂತ ಗೊತ್ತಾಗೋದು ಈಗ ಸಿನಿಮಾ, ಗೇಮ್, ಕಾದಂಬರಿಯಿಂದಾನೇ, ಹಂಗಾಗಿ ಆ ಕಥೆಗಳ ಮೇಲೆ ಬೀಳೋ ಭಾರ ಜಾಸ್ತಿ ಆಗಿದೆ.

ಬೇರೆ ಒಂದೆರಡು ಬೇಗ ಹೇಳಿಬಿಡ್ತೀನಿ. 1997ರಲ್ಲಿ ಪಾಲ್ ವರ್ಹೋವೆನ್ 'ಸ್ಟಾರ್‌ಶಿಪ್ ಟ್ರೂಪರ್ಸ್' ಸಿನಿಮಾ ಮಾಡಿದ್ರು, ನಾಜಿಗಳು ಹಿಡಿದಿಟ್ಟಿದ್ದ ಹೇಗ್ ನಗರದಲ್ಲಿ ಬಾಲ್ಯ ಕಳೆದವರು ಅವರು, ಇಡೀ ಸಿನಿಮಾನ ಪ್ರಚಾರ ಚಿತ್ರದ ಅಣಕದ ಥರ ಮಾಡಿದ್ದಾರೆ, ಆದ್ರೆ ಬಂದ ಹೊಸದರಲ್ಲಿ ಕೆಲವು ವಿಮರ್ಶಕರೇ ಅದನ್ನ ನಿಜವಾದ ಪ್ರಚಾರ ಅಂತ ತಿಳ್ಕೊಂಡ್ರು. ಆರ್ಸನ್ ಸ್ಕಾಟ್ ಕಾರ್ಡ್ ಅವರ 'ಎಂಡರ್ಸ್ ಗೇಮ್' 1985ರದ್ದು, ಅಮೆರಿಕದ ಮರೀನ್ ಪಡೆಯ ಓದಿನ ಪಟ್ಟೀಲೂ ಇತ್ತು, ಹೈನ್‌ಲೈನ್ ಪುಸ್ತಕಾನೂ ಇತ್ತು. ಕಾರ್ಡ್ ಪುಸ್ತಕದಲ್ಲಿ ಒಬ್ಬ ಹುಡುಗನಿಗೆ ಇದು ಅಭ್ಯಾಸದ ಆಟ ಅಂತ ಸುಳ್ಳು ಹೇಳಿ ಒಂದು ಇಡೀ ಜೀವಸಂಕುಲಾನ ಅವನ ಕೈಯಲ್ಲಿ ನಾಶ ಮಾಡಿಸ್ತಾರೆ. ಸುಳ್ಳು ಹೇಳಿದವರು ದೊಡ್ಡವರು, ಹೊರೆ ಹೊರೋದು ಹುಡುಗ. ಎಷ್ಟೋ ಜನ ಇದನ್ನ ಗೆಲುವಿನ ಕಥೆ ಅಂತ ಓದಿಬಿಡ್ತಾರೆ, ಕೊನೆಯ ಅಧ್ಯಾಯದಲ್ಲಿ ಅವನು ಆ ಸತ್ತವರ ಕಥೆಯನ್ನ ಅವರ ಕಡೆಯಿಂದಾನೇ ಬರೆಯೋಕೆ ಕೂರ್ತಾನೆ ಅನ್ನೋದು ಮರೆತೇ ಹೋಗಿರತ್ತೆ.

ಹಂಗಾಗಿ ನೀವು ಈ ಕಥೆಗಳನ್ನ ಓದೋದು ಬಿಡಬೇಡಿ. ಓದ್ವಾಗ ಕಥೆ ಯಾವಾಗ ಕಣ್ಣು ತಿರುಗಿಸತ್ತೆ ಅಂತ ನೋಡ್ತಾ ಇರಿ, ಬಾಂಬ್ ಎಣಿಸೋ ಕೋಣೆಗೆ ವಾಪಸ್ ಹೋಗತ್ತಾ, ಸತ್ತವನ ಹೆಸರು ಮುಂದಿನ ಅಧ್ಯಾಯದಲ್ಲಿ ಯಾರಾದ್ರೂ ಎತ್ತುತ್ತಾರಾ, ಮನೆಗೆ ಬಂದವನಿಗೆ ಪುಟ ಸಿಗತ್ತಾ. ನಿಮ್ಮ ಫ್ರೆಂಡಿಗೆ ಹೇಳಿ, ಮಿಲಿಟರಿಸಂನ ಟೀಕಿಸಿದ ಅತ್ಯಂತ ಗಟ್ಟಿ ಪುಸ್ತಕಾನ ಬರೆದಿದ್ದು ಒಬ್ಬ ಗಾಯಗೊಂಡ ಸೈನಿಕ, ಅದನ್ನ ಹೈನ್‌ಲೈನ್ ಅವರೇ ಮೆಚ್ಚಿಕೊಂಡಿದ್ರು ಅಂತ. ಟೀಕೆಯಿಂದ ನಿಮ್ಮಣ್ಣನಿಗೆ ಅವಮಾನ ಆಗಲ್ಲ. ಅವರನ್ನ ಕಳಿಸೋರು ಯಾಕೆ ಕಳಿಸ್ತಿದ್ದಾರೆ ಅಂತ ಕೇಳೋರು ಹೊರಗಡೆ ಯಾರಾದ್ರೂ ಇರಲೇಬೇಕು, ಯಾಕಂದ್ರೆ ಡ್ಯೂಟೀಲಿ ಇರೋವರೆಗೂ ಆ ಪ್ರಶ್ನೆ ಬಾಯಿಬಿಟ್ಟು ಕೇಳೋದು ಅವರಿಗೆ ಕಷ್ಟ.

ಅವರು ರಜೆಗೆ ಬಂದಾಗ ಇಬ್ಬರೂ ಒಟ್ಟಿಗೆ 'ದಿ ಫಾರೆವರ್ ವಾರ್' ಓದಿ. ತಗೊಳ್ವಾಗ ಒಂದು ನೋಡ್ಕೊಳ್ಳಿ, ಹಳೇ ಪ್ರತಿಗಳಲ್ಲಿ ಆ ಹಗುರ ಮಾಡಿದ ಭಾಗಾನೇ ಇರತ್ತೆ. 1990ರ ದಶಕದಲ್ಲಿ ಹಾಲ್ಡ್‌ಮನ್ ಮೂಲ ಭಾಗಾನ ವಾಪಸ್ ಸೇರಿಸಿದ್ರು, 1997ರದ್ದು ಅಥವಾ ಆಮೇಲಿನ ಪ್ರತಿ ತಗೊಂಡ್ರೆ ಮಂಡೆಲಾ ಅಮ್ಮನ ಮನೆಗೆ ಬರೋ ಪುಟಗಳು ಪೂರ್ತಿ ಸಿಗ್ತವೆ.